ಒಂದು ತೊಟ್ಟೂ ಸೋರಲಿಲ್ಲ

ಬೆಳಿಗ್ಗೆ ಎಂಟು ಗಂಟೆಗೆ, ನೂರಕ್ಕೆ ತೊಂಬತ್ತೇಳು ಪಾಲು ಕೆಲಸ ಮುಗಿಸಿದ ಮೇಲೆ, ಅಸ್ರೋರನ ಕಂಪ್ಯೂಟರು ಉಸ್ಸಪ್ಪಾ ಎಂದು ನಿಂತುಹೋಯಿತು. ಒಳಗಿನ ಫ್ಯಾನು ಒಮ್ಮೆ ಗೊರಗುಟ್ಟಿತು, ಪರದೆ ಕಪ್ಪಾಯಿತು, ಅಷ್ಟೆ. ಅಸ್ರೋರ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟವನು ಹಾ ಎಂದು ಹಿಂದಕ್ಕೆಳೆದುಕೊಂಡ. ಮನಸ್ಸು ಮಾಡಿದ್ದರೆ ಅದರ ಮೇಲೆ ರೊಟ್ಟಿ ಸುಡಬಹುದಿತ್ತು.

ಈ ವಾರದಲ್ಲಿ ಇದು ಮೂರನೆಯ ಸಲ. ತಾಷ್ಕೆಂಟಿನ ಜುಲೈ ಬಿಸಿಲಿಗೆ ನಾಯಿಗಳೇ ಕಾಲುವೆಯೊಳಗೆ ಇಳಿದು ಕೂತುಬಿಡುತ್ತವೆ; ಪಾಪದ ಕಂಪ್ಯೂಟರು ಎಲ್ಲಿಗೆ ಹೋದೀತು? ಆದರೆ ಅದರ ಹೊಟ್ಟೆಯೊಳಗೆ ಸಿಕ್ಕಿಕೊಂಡಿದ್ದದ್ದು ಯಾರದೋ ಹುಟ್ಟುಹಬ್ಬವಲ್ಲ. ಓಕ್‌ತುತ್ ಮಹಲ್ಲಾ ಎಂಬ ಅವನ ಕೇರಿಯ ಅಧ್ಯಕ್ಷ ಹೋಶಿಮ್ ಆಕಾ ಅವರ ಮಗಳ ಮದುವೆಯ ಚಿತ್ರ, ನಾಲ್ಕು ಗಂಟೆಯದು. ಇವತ್ತು ಸಂಜೆ ಬೀಗರು ಮೊದಲ ಸಲ ಅಧ್ಯಕ್ಷರ ಮನೆಗೆ ಊಟಕ್ಕೆ ಬರುವವರಿದ್ದರು. ಅಂಗಳದಲ್ಲಿ ಬಿಳಿ ಬಟ್ಟೆ ಕಟ್ಟಿ, ಪಲಾವಿನ ತಟ್ಟೆಗಳ ಮುಂದೆ ಆ ಚಿತ್ರ ತೋರಿಸುವುದೆಂದು ಇಡೀ ಮಹಲ್ಲಾಕ್ಕೆ ಡಂಗುರವಾಗಿತ್ತು.

ಅಧ್ಯಕ್ಷರು ಮೊನ್ನೆಯೇ ಅವನನ್ನು ಕರೆಸಿ ಹೇಳಿದ್ದರು. "ನೋಡು ಅಸ್ರೋರ್, ಸೂರ್ಯ ಮುಳುಗೋ ಹೊತ್ತಿಗೆ ಚಿತ್ರ ಬಂತೋ, ಈ ಸುಗ್ಗಿ ಮುಗಿದ ಮೇಲೆ ನಮ್ಮ ಮಹಲ್ಲಾದಲ್ಲಿ ಆಗೋ ಹದಿನಾಲ್ಕು ಮದುವೇನೂ ನಿಂದೇ. ಬರಲಿಲ್ವೋ, ಆ ಪೇಟೆಯವನಿದಾನಲ್ಲ, ತಲೆ ಮೇಲೆ ಕ್ಯಾಮೆರಾ ಹಾರಿಸ್ತಾನಲ್ಲ, ಅವನನ್ನ ಕರೆಸ್ತೀನಿ. ಆಮೇಲೆ ಮುಖ ಊದಿಸ್ಕೊಂಡು ಓಡಾಡ್ಬೇಡ."

ಮೂವತ್ತೆರಡು ವರ್ಷದ ಅಸ್ರೋರ್ ಇಷ್ಟು ದಿನ ಶಿಶುವಿಹಾರದ ಮಕ್ಕಳ ಕುಣಿತ ತೆಗೆದುಕೊಂಡೇ ಕಾಲ ತಳ್ಳಿದವನು. ಮದುವೆ ಚಿತ್ರ ತೆಗೆಯುವವನೆಂದು ಹೆಸರು ನಿಂತರೆ ಮಾತ್ರ ಅವನಿಗೆ ಹೆಣ್ಣು ಕೇಳಲು ಹೊರಡುವುದಾಗಿ ಅವನ ತಾಯಿ ಪಟ್ಟು ಹಿಡಿದಿದ್ದರು. ಆದ್ದರಿಂದ ಹದಿನಾಲ್ಕು ಮದುವೆ ಎಂದರೆ ಅವನ ಮಟ್ಟಿಗೆ ಹದಿನೈದು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಸಮರ್ಕಂದಿನಲ್ಲಿ ಅವನ ತಂಗಿಯ ಬಾಣಂತನಕ್ಕೆಂದು ಹೋಗಿದ್ದ ತಾಯಿ, ಅವನ ಓಯಿ.

"ಮಗನೇ, ಕಾಮಕಸ್ತೂರಿ ಕುಂಡಕ್ಕೆ ನೀರು ಹಾಕಿದ್ಯಾ?"

"ಹಾಕಿದೆ ಓಯಿ," ಎಂದ ಅಸ್ರೋರ್. ಹೊಸ್ತಿಲ ಪಕ್ಕದ ಕುಂಡದಲ್ಲಿ ನಾಲ್ಕು ದಿನದಿಂದ ನೀರು ಕಾಣದ ಕಾಮಕಸ್ತೂರಿ ತಲೆ ಬಗ್ಗಿಸಿಕೊಂಡು ಆ ಸುಳ್ಳನ್ನು ಕೇಳಿಸಿಕೊಂಡಿತು.

"ದಿನಾ ಹಾಕ್ತಿದೀಯ ತಾನೆ?"

"ದಿನಾ ಹಾಕ್ತಿದೀನಿ ಓಯಿ. ಸ್ವಲ್ಪ ಕೆಲಸ ಇದೆ, ಆಮೇಲೆ ಮಾತಾಡ್ತೀನಿ."

ಕೆಲಸವೆಂದರೆ ಮಂಚದ ಕೆಳಗಿದ್ದ ರಟ್ಟಿನ ಪೆಟ್ಟಿಗೆ. ಎರಡು ತಿಂಗಳಿಂದ ಅವನು ಅದರೊಳಗೆ ಒಂದೊಂದೇ ಸಾಮಾನು ಕೂಡಿಸಿಡುತ್ತಿದ್ದ. ಕಂಪ್ಯೂಟರಿನ ಮಿದುಳಿನ ಮೇಲೆ ಕೂರಿಸುವ ತಾಮ್ರದ ಬಿಲ್ಲೆ, ಅಂಗೈ ಅಗಲದ ಪಂಪು, ಹಳೇ ಕಾರಿನಿಂದ ಬಿಚ್ಚಿದ ಸಣ್ಣ ರೇಡಿಯೇಟರು, ಪಾರದರ್ಶಕ ಪೈಪು, ಮುಚ್ಚಳವಿದ್ದ ಒಂದು ಡಬ್ಬಿ. ಪಂಪು ತಣ್ಣೀರನ್ನು ತಾಮ್ರದ ಬಿಲ್ಲೆಗೆ ತಳ್ಳಬೇಕು, ನೀರು ಬಿಸಿ ಹೀರಿಕೊಂಡು ರೇಡಿಯೇಟರಿಗೆ ಹೋಗಿ ಆರಬೇಕು, ಆರಿ ಡಬ್ಬಿಗೆ ಮರಳಬೇಕು. ಕೇಳಲು ಸೊಗಸಾಗಿತ್ತು. ಆದರೆ ವಿದ್ಯುತ್ತಿನ ಪೆಟ್ಟಿಗೆಯೊಳಗೆ ನಾನೇ ಕೈಯಾರೆ ನೀರು ಬಿಡುವುದೇ ಎಂದು ನೆನೆದಾಗಲೆಲ್ಲ ಅವನಿಗೆ ಭಯವಾಗಿ, ಪೆಟ್ಟಿಗೆ ಮತ್ತೆ ಮಂಚದ ಕೆಳಗೆ ಸರಿಯುತ್ತಿತ್ತು. ಇವತ್ತು ಭಯವಿದ್ದರೂ ಪೆಟ್ಟಿಗೆ ಹೊರಗೆ ಬಂತು.

ಬಲ್ಲವರು ಬರೆದದ್ದನ್ನೆಲ್ಲ ಓದಿ ಅವನು ಗೋಡೆಗೆ ಮೂರು ಕಟ್ಟಳೆ ಅಂಟಿಸಿಕೊಂಡಿದ್ದ. ಪೈಪಿನ ಪ್ರತಿ ಕೂಡಿಕೆಗೂ ಬಿಗಿಯಾಗಿ ಕ್ಲಿಪ್ಪು ಹಾಕುವುದು. ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ ನೀರು ಖಾಲಿ ಮಾಡಲು ಒಂದು ನಲ್ಲಿ ಇಡುವುದು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಕಂಪ್ಯೂಟರಿಗೆ ಕರೆಂಟು ಕೊಡದೆ ಬರೀ ಪಂಪು ಓಡಿಸಿ, ಪ್ರತಿ ಕೂಡಿಕೆಯ ಕೆಳಗೆ ಒಂದು ಬಿಳಿ ಟಿಶ್ಯೂ ಕಾಗದ ಹಾಸಿ, ನಾಲ್ಕು ಗಂಟೆ ಕಾಯುವುದು. ಒಂದು ಕಾಗದ ಒದ್ದೆಯಾದರೂ ಮತ್ತೆ ಮೊದಲಿನಿಂದ.

ಹತ್ತು ಗಂಟೆಗೆ ಜೋಡಣೆ ಮುಗಿಯಿತು. ಎಂಟು ಕೂಡಿಕೆ, ಎಂಟು ಕಾಗದ. ಕೆಳಗೆ ಕೆಂಪು ಹಿಡಿಯ ಪುಟ್ಟ ನಲ್ಲಿ, ಅದಕ್ಕೊಂದು ಗೇಣುದ್ದದ ಪೈಪು. ಪಂಪು ಗುಂಯ್ ಎಂದಿತು. ಪೈಪಿನೊಳಗೆ ಗುಳ್ಳೆಗಳು ಮೆರವಣಿಗೆ ಹೊರಟವು. ಅಸ್ರೋರ್ ಮನಸ್ಸಿನಲ್ಲೇ ಹೊಂದಿಸಿಕೊಂಡ: ಎರಡಕ್ಕೆ ಪರೀಕ್ಷೆ ಮುಗಿಯುತ್ತದೆ, ಚಿತ್ರ ಹೊರಬರಲು ಮೂರೂವರೆ ಗಂಟೆ, ಐದೂವರೆಗೆಲ್ಲ ಸಿದ್ಧ. ಸೂರ್ಯ ಮುಳುಗುವುದು ಎಂಟಕ್ಕೆ. ಅಷ್ಟರಲ್ಲಿ ಸ್ನಾನ ಮಾಡಿ ಒಂದು ಸಣ್ಣ ನಿದ್ದೆಯನ್ನೂ ತೆಗೆಯಬಹುದು.

ಆದರೆ ಓಕ್‌ತುತ್‌ನಲ್ಲಿ ಒಬ್ಬ ಮನುಷ್ಯ ಒಬ್ಬನೇ ಕೂತು ಒಂದು ಕೆಲಸ ಮಾಡಿ ಮುಗಿಸಿದ ದಾಖಲೆ ಇಲ್ಲ. ಇಲ್ಲಿ ಗೋಡೆಗೊಂದು ಮೊಳೆ ಹೊಡೆದರೂ ಸುತ್ತಿಗೆ ಹಿಡಿದು ಮೂರು ಜನ ಬರುತ್ತಾರೆ. ಬಂದವರನ್ನು ಬೇಡ ಎನ್ನುವಂತಿಲ್ಲ, ಚಹಾ ಕೊಡದೆ ಕಳಿಸುವಂತಿಲ್ಲ.

"ಲೋ ಅಸ್ರೋರ್! ಒಳಗೆ ಪಂಪು ಓಡ್ತಿರೋ ಸದ್ದು ಬರ್ತಿದೆ, ನನಗೆ ಹೇಳೇ ಇಲ್ಲ?"

ಎದುರು ಮನೆಯ ಎರ್ಗಶ್ ಆಕಾ; ವಯಸ್ಸಿನಲ್ಲಿ ದೊಡ್ಡವರೆಲ್ಲ ಇಲ್ಲಿ ಆಕಾ, ಅಂದರೆ ಅಣ್ಣ. ಕಾರು ರಿಪೇರಿಯವನು, ಬಾಗಿಲಿನಷ್ಟು ಅಗಲದ ಆಳು. ರೇಡಿಯೇಟರು ಕೊಟ್ಟವನೂ ಅವನೇ ಆದ್ದರಿಂದ ಅದು ಹೋದಲ್ಲೆಲ್ಲ ಹೋಗುವ ಹಕ್ಕು ತನಗಿದೆಯೆಂದು ತಿಳಿದವನು.

"ಬನ್ನಿ ಆಕಾ. ಮುಟ್ಬೇಡಿ ಅಷ್ಟೆ. ಪರೀಕ್ಷೆ ನಡೀತಿದೆ."

"ಮುಟ್ಟದೆ ಪರೀಕ್ಷೆ ಮಾಡೋಕೆ ನಾನೇನು ಡಾಕ್ಟರಾ?" ಎಂದ ಎರ್ಗಶ್, ಪೆಟ್ಟಿಗೆಯ ಮೇಲೆ ಬಗ್ಗಿ. "ಈ ಕ್ಲಿಪ್ಪು ನೋಡು, ಮದುಮಗಳ ಕೈಹಿಡಿದ ಹಾಗೆ ಹಿಡಿದಿದೀಯ. ಕತ್ತು ಹಿಸುಕಿದ ಹಾಗೆ ಹಿಡೀಬೇಕು. ನಾರು ಸುತ್ತಿದೀಯಾ? ಇಲ್ವಾ? ನಾರಿಲ್ಲದೆ ನೀರು ನಿಲ್ಲತ್ತೇನಯ್ಯಾ?" ಆಮೇಲೆ ದನಿ ತಗ್ಗಿಸಿದ. "ಅದಿರ್ಲಿ ಊಕಾ, ನನ್ನ ತಮ್ಮಾ, ನಾನು ಮೂರನೇ ತಟ್ಟೆ ಪಲಾವ್ ತಗೊಳ್ಳೋದು ಚಿತ್ರದಲ್ಲಿ ಬಂದಿದೆಯಾ?"

"ನಾಲ್ಕನೇದೂ ಬಂದಿದೆ ಆಕಾ."

"ಅಯ್ಯೋ, ಅದನ್ನ ತೆಗೆದುಬಿಡಪ್ಪಾ! ಡಾಕ್ಟರು ಕೊಬ್ಬು ಮುಟ್ಬೇಡ ಅಂದಿದಾರೆ. ನಿಮ್ಮ ಅತ್ತಿಗೆ ನೋಡಿದ್ರೆ ನನ್ನ ಕತೆ ಮುಗೀತು."

ಅಸ್ರೋರ್ ಆಗಲೆಂದು ತಲೆಯಾಡಿಸಿ ಕೆಳಗೆ ನೋಡಿದ. ಮೂರನೆಯ ಕಾಗದದ ನಡುವೆ ಕಾಸಿನಗಲ ಒದ್ದೆ.

ಪಂಪು ನಿಲ್ಲಿಸಿ, ನೀರು ಖಾಲಿ ಮಾಡಿ, ಮೂರನೆಯ ಕೂಡಿಕೆ ಬಿಚ್ಚಿ, ಪೈಪಿನ ತುದಿ ಕತ್ತರಿಸಿ, ಹೊಸ ಕ್ಲಿಪ್ಪು ಹಾಕಿ, ಎರ್ಗಶ್ ಬಿಡದೆ ಸುತ್ತಿದ ನಾರನ್ನು ಬಿಡಿಸಿ, ಮತ್ತೆ ನೀರು ತುಂಬಿ ಪಂಪು ಹಚ್ಚುವಷ್ಟರಲ್ಲಿ ಹನ್ನೊಂದೂವರೆ. ಎರ್ಗಶ್ ಮತ್ತೆ ಬಗ್ಗಿದ. ಅವನ ಮೂಗಿನ ತುದಿಯಲ್ಲಿ ಒಂದು ಹನಿ ಮೂಡಿತು, ತೂಗಾಡಿತು, ಟಪ್ಪೆಂದು ನಾಲ್ಕನೆಯ ಕಾಗದದ ಮೇಲೆ ಬಿತ್ತು.

"ಆಕಾ," ಎಂದ ಅಸ್ರೋರ್ ಅಳು ತಡೆದುಕೊಂಡು, "ನೀವು ಬೆವರ್ತಿದೀರಾ."

"ಜುಲೈಯಲ್ಲಿ ಬೆವರದೆ ಇನ್ನೇನು ನಡುಗ್ಲಾ?"

ಅವನನ್ನು ಎಬ್ಬಿಸಿ ಹೊಸ್ತಿಲಾಚೆ ಚಹಾ ಕೊಟ್ಟು ಕೂರಿಸಿದ್ದಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ಹಿದೋಯತ್ ಖೋಲಾ ಒಂದು ತಟ್ಟೆಯಲ್ಲಿ ಕರಬೂಜ, ಇನ್ನೊಂದು ಕೈಯಲ್ಲಿ ಚಾಕು ಹಿಡಿದು ಒಳಗೆ ನುಗ್ಗಿದರು. ಆಕೆ ಅಸ್ರೋರನ ತಾಯಿಯ ಜೀವದ ಗೆಳತಿ, ಅದಕ್ಕೇ ಅವನಿಗೆ ಖೋಲಾ, ಚಿಕ್ಕಮ್ಮ. ಗೆಳತಿ ಊರಿನಲ್ಲಿಲ್ಲದಾಗ ಅವಳ ಮಗನಿಗೆ ತಿನ್ನಿಸುವುದು ಆಕೆಯ ಪಾಲಿಗೆ ವ್ರತದಂತೆ.

"ಬೆಳಗಿನಿಂದ ಏನೂ ತಿಂದಿಲ್ಲ ನನ್ನ ಕಂದ! ಮುಖ ನೋಡು, ಒಣಗಿದ ಏಪ್ರಿಕಾಟು ಆಗಿದೆ. ತಗೋ, ಬಾಯಿ ತೆಗಿ."

"ಖೋಲಾ, ಇಲ್ಲಿ ಬೇಡ, ಅಂಗಳದಲ್ಲಿ..."

"ಅಂಗಳದಲ್ಲಿ ನೊಣ," ಎಂದು ಖೋಲಾ ಕಂಪ್ಯೂಟರಿನ ಮೇಲೆಯೇ ಹಣ್ಣು ಹೋಳು ಮಾಡತೊಡಗಿದರು. "ಒಂದು ಮಾತು ಕೇಳೋದಿತ್ತು ಮಗನೇ. ನಾನು ಕುಣಿದದ್ದು ಪೂರ್ತಿ ಇದೆ ತಾನೆ?"

"ಇದೆ ಖೋಲಾ."

"ಅಧ್ಯಕ್ಷರ ತಂಗಿ ಕುಣಿದದ್ದು?"

"ಅದೂ ಇದೆ."

"ಅದು ಯಾಕೆ? ಅವಳು ಕುಣಿದದ್ದಾ ಅದು? ಇರುವೆ ಕಚ್ಚಿದ ಹಾಗೆ ಒದರಾಡಿದ್ದು. ಅದನ್ನ ತೆಗೆದು ಆ ಜಾಗಕ್ಕೆ ನನ್ನದೇ ಇನ್ನೊಂದ್ಸಲ ಹಾಕಿಬಿಡು. ಬೀಗರು ಒಳ್ಳೇದನ್ನ ನೋಡ್ಲಿ."

ಒಂದು ಗಂಟೆಯ ಹೊತ್ತಿಗೆ ಐದನೆಯ ಕಾಗದ ಒದ್ದೆಯಾಯಿತು. ಅಸ್ರೋರ್ ಮತ್ತೆ ನಿಲ್ಲಿಸಿದ, ಖಾಲಿ ಮಾಡಿದ, ಬಿಚ್ಚಿದ, ಕತ್ತರಿಸಿದ, ಬಿಗಿದ. ಎಲ್ಲ ಮುಗಿದ ಮೇಲೆ ಎರ್ಗಶ್ ಹೊಸ್ತಿಲಿಂದ ಎದ್ದು ಬಂದು ಒದ್ದೆ ಕಾಗದವನ್ನು ಎತ್ತಿ ಮೂಸಿದ, ಆಮೇಲೆ ತುಸು ನೆಕ್ಕಿದ.

"ಕರಬೂಜ," ಎಂದ. "ಒಳ್ಳೇ ಜಾತೀದು. ಎಲ್ಲಿ ತಗೊಂಡ್ರಿ ಹಿದೋಯತ್ ಓಪಾ?"

ಅಸ್ರೋರ್ ನೆಲದ ಮೇಲೆ ಕೂತುಬಿಟ್ಟ. ಎರಡು ಗಂಟೆಯಾಗುತ್ತ ಬಂದಿತ್ತು. ಪೈಪು ಒಮ್ಮೆಯೂ ಸೋರಿರಲಿಲ್ಲ. ಸೋರಿದ್ದೆಲ್ಲ ನೆರೆಹೊರೆ. ಅವನಿಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಎಲ್ಲರೂ ಪ್ರೀತಿಯಿಂದಲೇ ಸೋರಿದ್ದರು. ಅದೇ ತಾಪತ್ರಯ. ಸಿಟ್ಟಾಗುವಂತಿದ್ದರೆ ಬಾಗಿಲಾದರೂ ಹಾಕಿಕೊಳ್ಳಬಹುದಿತ್ತು.

ಆಗ ಬಂದವರು ತುರ್ದಿಕುಲ್ ಓತಾ.

ತುರ್ದಿಕುಲ್ ಓತಾ ಎಂದರೆ ಮಹಲ್ಲಾದಲ್ಲಿ ಎಲ್ಲರೂ ಎದ್ದು ನಿಲ್ಲುತ್ತಾರೆ. ಎಲ್ಲರಿಗೂ ಓತಾ, ಅಜ್ಜ; ಎಂಬತ್ತೊಂದು ವರ್ಷ, ಬೆಳ್ಳಿ ಗಡ್ಡ, ನೆಟ್ಟಗಿನ ಬೆನ್ನು. ಮಗಳ ಜೊತೆ ಇರಲು ಪಟ್ಟಣಕ್ಕೆ ಬರುವ ಮುಂಚೆ ನಲವತ್ತು ವರ್ಷ ಫರ್ಗಾನಾ ಕಡೆಯ ಹಳ್ಳಿಗಳಲ್ಲಿ ನೀರುಗಂಟಿಯಾಗಿದ್ದವರು. ಕಾಲುವೆಯ ನೀರು ಯಾವ ಹೊಲಕ್ಕೆ ಯಾವ ಹೊತ್ತಿನಿಂದ ಯಾವ ಹೊತ್ತಿನ ತನಕ ಎಂಬುದು ಅವರ ಮಾತಿನ ಮೇಲೆ ನಡೆಯುತ್ತಿತ್ತು. ಒಮ್ಮೆ ಸರದಿ ಮುಗಿಯಿತೆಂದು ಸ್ವಂತ ಅಣ್ಣನ ಹತ್ತಿ ಹೊಲಕ್ಕೆ ಹೋಗುವ ನೀರನ್ನೇ ಕಟ್ಟಿ ಪಕ್ಕದವನಿಗೆ ತಿರುಗಿಸಿದ್ದರಂತೆ. ಇನ್ನು ನಾಲ್ಕೇ ಸಾಲು ಬಾಕಿ ಇತ್ತು ಎಂದು ಅಣ್ಣ ಗೋಗರೆದರೂ ಬಿಡಲಿಲ್ಲ. ಅಣ್ಣ ಮೂರು ವರ್ಷ ಮಾತು ಬಿಟ್ಟ. ಓತಾ ಈಗಲೂ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಅವರು ಕೋಣೆಯನ್ನು ಒಮ್ಮೆ ನೋಡಿದರು. ಕರಬೂಜ ನೋಡಿದರು, ಎರ್ಗಶನ ಮೂಗು ನೋಡಿದರು.

"ನೀರಿನ ಕೆಲಸ ನಡೆಯೋ ಕಡೆ ಇಷ್ಟು ಜನ ಯಾಕೆ?" ಎಂದರು, ದನಿ ಎತ್ತದೆ. "ಎರ್ಗಶ್, ನೀನು ಹೊರಗೆ. ಹಿದೋಯತ್, ನೀನೂ ಹೊರಗೆ ಮಗಳೇ. ಹಣ್ಣು ಅಂಗಳಕ್ಕೆ."

ಇಬ್ಬರೂ ಬಾಲ ಮುದುರಿಕೊಂಡು ಹೊರಟರು. ಬೆಳಗಿನಿಂದ ಮೊದಲ ಬಾರಿಗೆ ಆ ಕೋಣೆ ನಿಶ್ಶಬ್ದವಾಯಿತು. ಅಸ್ರೋರನಿಗೆ ಅವರ ಕಾಲಿಗೆ ಬೀಳಬೇಕೆನಿಸಿತು.

"ನಿಮ್ಮದು ಯಾವ ಭಾಗ ತೆಗೀಬೇಕು ಓತಾ?" ಎಂದು ಕೇಳಿದ.

"ಯಾವುದೂ ಬೇಡ. ನಾನು ಮದುವೇಲಿ ಎಲ್ಲಿದ್ದೆ ಅಂತ ನನಗೆ ನೆನಪಿದೆ." ಓತಾ ಕುರ್ಚಿ ಎಳೆದುಕೊಂಡು ಪೆಟ್ಟಿಗೆಯ ಮುಂದೆ ಕೂತರು. "ಪಂಪು ಹಚ್ಚು. ಕಾಗದ ನೋಡ್ಬೇಡ. ನೀರು ತಾನಾಗೇ ಹೇಳತ್ತೆ."

ಅವರು ಕಣ್ಣು ಮುಚ್ಚಿ ಕಿವಿಗೊಟ್ಟರು. ಬೆರಳಿನ ಹಿಂಬದಿಯಿಂದ ಒಂದೊಂದೇ ಕೂಡಿಕೆಯನ್ನು ಸವರಿ ಆರನೆಯದರ ಹತ್ತಿರ ನಿಂತರು. "ಇದು ಹೇಡಿ. ಇನ್ನೊಂದು ಗಂಟೆ ಬಿಟ್ಟಿದ್ರೆ ಕೈಕೊಡ್ತಿತ್ತು. ಕಾಲು ಸುತ್ತು ತಿರುಗಿಸು. ಸಾಕು. ಇನ್ನೂ ತಿರುಗಿಸಿದ್ರೆ ಸೀಳತ್ತೆ."

ಅಸ್ರೋರ್ ಕಾಲು ಸುತ್ತು ತಿರುಗಿಸಿದ. ಓತಾ ಮತ್ತೆ ಕಿವಿಗೊಟ್ಟು ತೃಪ್ತಿಯಿಂದ ಗಡ್ಡ ನೀವಿಕೊಂಡರು. ಸ್ವಲ್ಪ ಹೊತ್ತು ನೀರಿನ ಓಟವನ್ನೇ ನೋಡುತ್ತ ಕೂತವರ ಹಣೆ ಮೆಲ್ಲಗೆ ಸುಕ್ಕುಗಟ್ಟಿತು.

"ಇದು ಎಲ್ಲಿಗೆ ಹೋಗತ್ತೆ?"

"ಎಲ್ಲಿಗೂ ಇಲ್ಲ ಓತಾ. ಇಲ್ಲೇ ಸುತ್ತತ್ತೆ."

"ಸುತ್ತಿ?"

"ಸುತ್ತಿ ಡಬ್ಬಿಗೆ ಬರತ್ತೆ. ಮತ್ತೆ ಹೊರಡತ್ತೆ."

"ಗಾಣದ ಎತ್ತಿನ ಹಾಗೆ." ಓತಾ ನಿಟ್ಟುಸಿರು ಬಿಟ್ಟರು. "ಒಂದು ಗಿಡಾನೂ ಕಾಣದೆ. ಪಾಪದ ನೀರು. ಈ ಕೆಂಪು ನಲ್ಲಿ ಯಾತಕ್ಕೆ?"

"ಅದು ನೀರು ಹೊರಗೆ ಬಿಡೋಕೆ. ವರ್ಷಕ್ಕೊಂದು ಸಲ ಬೇಕಾಗತ್ತೆ."

"ವರ್ಷಕ್ಕೊಂದು ಸಲ!" ಅವರ ಕಣ್ಣು ಹೊಸ್ತಿಲ ಪಕ್ಕದ ಕುಂಡದ ಮೇಲೆ ಬಿದ್ದು ಅಲ್ಲೇ ನಿಂತಿತು. "ಸರಿ, ಕೆಲಸ ನಿಂದು. ಈ ನೀರು ನಿನಗೆ ಎಲ್ಲೀ ತನಕ ಬೇಕು?"

ಅಸ್ರೋರನ ಕಣ್ಣು ಏಳನೆಯ ಕಾಗದದ ಮೇಲಿತ್ತು. ಅದು ಒದ್ದೆಯೋ ನೆರಳೋ ಎಂದು ನೋಡುತ್ತಿದ್ದ. "ಸೂರ್ಯ ಮುಳುಗೋ ತನಕ ಓತಾ," ಎಂದ. "ಅಲ್ಲೀ ತನಕ ಓಡಿದ್ರೆ ಸಾಕು."

"ಸೂರ್ಯ ಮುಳುಗೋ ತನಕ," ಎಂದು ಓತಾ ನಿಧಾನವಾಗಿ ಹೇಳಿ, ತಲೆಯಾಡಿಸಿದರು. ನೆರಳು ನೆರಳೇ ಆಗಿತ್ತು. ಅಸ್ರೋರ್ ಉಸಿರುಬಿಟ್ಟ.

ನಾಲ್ಕು ಗಂಟೆ ಕಾಯಲು ಸಮಯವಿರಲಿಲ್ಲ. ಓತಾ ಎರಡೇ ಗಂಟೆ ಕಾದರೆ ಸಾಕೆಂದರು. ಅವರ ಕಿವಿಯ ಮೇಲೆ ಅಸ್ರೋರನಿಗೆ ಗೋಡೆಯ ಕಟ್ಟಳೆಗಿಂತ ಹೆಚ್ಚು ನಂಬಿಕೆ ಹುಟ್ಟಿತ್ತು. ನಾಲ್ಕೂಕಾಲಿಗೆ, ಎಂಟೂ ಕಾಗದ ಹಪ್ಪಳದಂತೆ ಗರಿಗರಿಯಾಗಿದ್ದಾಗ, ಅವನು ಬಾಯಲ್ಲಿ ದೇವರ ಹೆಸರು ಹೇಳಿಕೊಂಡು ಕಂಪ್ಯೂಟರಿಗೆ ಕರೆಂಟು ಕೊಟ್ಟ.

ಸಿಡಿಯಲಿಲ್ಲ. ಹೊಗೆ ಬರಲಿಲ್ಲ. ಎರ್ಗಶನ ಮೂರನೆಯ ಮತ್ತು ನಾಲ್ಕನೆಯ ತಟ್ಟೆಗಳನ್ನು ಚಿತ್ರದಿಂದ ಕತ್ತರಿಸಿ, ಹಿದೋಯತ್ ಖೋಲಾರ ಕುಣಿತವನ್ನು ಇದ್ದಷ್ಟೇ ಇಟ್ಟು, ಕೆಲಸಕ್ಕೆ ಹಚ್ಚಿದ. ಹತ್ತಾಯಿತು, ಇಪ್ಪತ್ತಾಯಿತು. ಬೆಳಿಗ್ಗೆ ನೂರರ ಹತ್ತಿರ ಹೋಗಿದ್ದ ಒಳಬಿಸಿ ಈಗ ಐವತ್ತೆಂಟು ಡಿಗ್ರಿ ದಾಟಲಿಲ್ಲ. ಅಸ್ರೋರ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ; ತೆಗೆಯಲು ಮನಸ್ಸೇ ಬರಲಿಲ್ಲ. ಎರಡು ತಿಂಗಳ ಭಯ ಎಲ್ಲಿ ಹೋಯಿತೋ. ಇದನ್ನು ನಾನೇ ಕಟ್ಟಿದ್ದು ಎಂದು ಅವನು ಮೂರು ಸಲ ಗಟ್ಟಿಯಾಗಿಯೇ ಹೇಳಿಕೊಂಡ. ಓತಾ ಮೂರು ಸಲವೂ ಹೌದೆಂದರು.

ಏಳೂ ಇಪ್ಪತ್ತಕ್ಕೆ ಎಪ್ಪತ್ತೆಂಟಾಗಿತ್ತು. ಆಗ ಅಧ್ಯಕ್ಷರ ಫೋನು ಬಂತು.

"ಬೀಗರು ಬಂದು ಕೂತಾಯ್ತು. ಬಟ್ಟೆ ಕಟ್ಟೋರು ಯಾರೂ ಇಲ್ಲ. ಎಲ್ಲಿದೀಯಾ ನೀನು?"

"ಚಿತ್ರ ಆಗ್ತಾ ಇದೆ ಆಕಾ. ಸರಿಯಾಗಿ ಎಂಟೂ ಐದಕ್ಕೆ ಸಿದ್ಧ."

"ಅದು ತಾನಾಗೇ ಆಗತ್ತೆ ತಾನೆ? ನೀನು ಕಾವು ಕೊಡ್ಬೇಕಾ? ಬಾ ಬೇಗ, ಬಟ್ಟೆ ಕಟ್ಟು."

ಅಸ್ರೋರ್ ಬಾಗಿಲಾಚೆ ನೋಡಿದ. ಅಂಗಳದಲ್ಲಿ ಎರ್ಗಶ್, ಹಿದೋಯತ್ ಖೋಲಾ, ಇನ್ನೂ ಅರ್ಧ ಕರಬೂಜ. ಅವನು ಓತಾರ ಕಡೆ ತಿರುಗಿ ಎದೆಯ ಮೇಲೆ ಕೈಯಿಟ್ಟು ಬಗ್ಗಿದ. "ಓತಾ, ನಾನು ಬರೋ ತನಕ ನೀವು ಇಲ್ಲೇ ಇರಬೇಕು. ಯಾರನ್ನೂ ಹತ್ತಿರ ಬಿಡಬೇಡಿ. ನಿಮ್ಮನ್ನ ಬಿಟ್ರೆ ನನಗೆ ಯಾರ ಮೇಲೂ ಧೈರ್ಯ ಇಲ್ಲ."

"ನಾನು ಕೂತಿರೋವಾಗ ಈ ನೀರಿಗೆ ಗುಬ್ಬಚ್ಚಿ ಸಹ ಕೊಕ್ಕು ಇಡಲ್ಲ," ಎಂದರು ಓತಾ. "ನಿಶ್ಚಿಂತೆಯಾಗಿ ಹೋಗು ಮಗನೇ."

ಅಧ್ಯಕ್ಷರ ಅಂಗಳದಲ್ಲಿ ಅರವತ್ತು ಜನ. ಏಣಿ ಹತ್ತಿ, ದ್ರಾಕ್ಷಿ ಚಪ್ಪರಕ್ಕೆ ಹಗ್ಗ ಕಟ್ಟಿ, ಬಿಳಿ ಬಟ್ಟೆ ಎಳೆದು ಬಿಗಿಯುವಾಗ ಅಸ್ರೋರನಿಗೆ ಎಲ್ಲರ ಕಣ್ಣೂ ತನ್ನ ಬೆನ್ನಿನ ಮೇಲಿರುವಂತೆನಿಸಿ ಹಿತವಾಯಿತು. "ನಮ್ಮ ಹುಡುಗ," ಎಂದು ಅಧ್ಯಕ್ಷರು ಬೀಗರಿಗೆ ಹೇಳುವುದು ಕೇಳಿಸಿತು. "ಕಂಪ್ಯೂಟರಿಗೆ ನೀರು ಕುಡಿಸಿದಾನಂತೆ!" ಬೀಗಿತ್ತಿ ತನ್ನ ಪಕ್ಕ ಕೂತಿದ್ದ ತಂಗಿಯ ಮಗಳ ಕಿವಿಯಲ್ಲಿ ಏನೋ ಹೇಳಿದರು, ಆ ಹುಡುಗಿ ತಲೆಯೆತ್ತಿ ಏಣಿಯ ಕಡೆ ನೋಡಿದಳು. ಅಸ್ರೋರ್ ಒಂದೇ ಗಂಟು ಸಾಕಾಗುವಲ್ಲಿ ನಾಲ್ಕು ಗಂಟು ಹಾಕಿದ. ಹದಿನೈದನೆಯದು ಅಷ್ಟೇನೂ ದೂರ ಇಲ್ಲ ಎನಿಸಿತು. ಪಲಾವಿನ ಕಡಾಯಿಯ ಮುಚ್ಚಳ ತೆಗೆದರು. ಪಾಪ್ಲರ್ ಮರಗಳ ಹಿಂದೆ ಸೂರ್ಯ ಕೆಂಪಗೆ ಇಳಿದು ಅರ್ಧವಾದ, ಕಾಲಾದ, ಇಲ್ಲವಾದ.

"ಐದೇ ನಿಮಿಷ ಆಕಾ, ತಗೊಂಡು ಬಂದೆ!" ಎಂದು ಅಸ್ರೋರ್ ಓಡಿದ.

ಓಡುತ್ತ ಬಂದವನು ಅಂಗಳದಲ್ಲೇ ನಿಂತ. ಏನೋ ಕಡಿಮೆಯಾಗಿತ್ತು. ಏನೆಂದು ತಿಳಿಯಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಪಂಪಿನ ಗುಂಯ್ ಸದ್ದು ಇರಲಿಲ್ಲ.

ಒಳಗೆ ಎಂಟು ಕಾಗದವೂ ಒಣಗಿ ಗರಿಗರಿಯಾಗಿದ್ದವು. ಪೈಪು ಖಾಲಿ. ಡಬ್ಬಿ ಖಾಲಿ. ಪರದೆ ಕಪ್ಪು. ಪೆಟ್ಟಿಗೆಯ ಪಕ್ಕದಲ್ಲಿ ತುರ್ದಿಕುಲ್ ಓತಾ ನೆಟ್ಟಗೆ ಕೂತಿದ್ದರು, ಕೆಲಸ ಮುಗಿಸಿದ ಮನುಷ್ಯನ ನೆಮ್ಮದಿ ಮುಖದಲ್ಲಿತ್ತು. ಅವರ ಕಾಲ ಬಳಿ ಕಾಮಕಸ್ತೂರಿ ಕುಂಡ, ಅದರ ಮಣ್ಣು ಕಪ್ಪಗೆ ಒದ್ದೆ, ಪಕ್ಕದಲ್ಲೊಂದು ಬೋಗುಣಿ.

"ಓತಾ," ಎಂದ ಅಸ್ರೋರ್.

"ಒಂದು ಗಳಿಗೆ ಮುಂಚೆ ಇಲ್ಲ, ಒಂದು ಗಳಿಗೆ ತಡ ಇಲ್ಲ," ಎಂದರು ಓತಾ. "ಸೂರ್ಯನ ಅಂಚು ಮುಳುಗ್ತಿದ್ದ ಹಾಗೆ ತಿರುಗಿಸಿದೆ. ಆ ಎರ್ಗಶ್ ಒಳಗೆ ಬರೋಕೆ ನೋಡಿದ, ಗದರಿಸಿ ಕಳಿಸಿದೆ. ನಿನ್ನ ಸರದೀಲಿ ಒಂದು ತೊಟ್ಟು ಹೊರಗೆ ಹೋಗೋಕೆ ಬಿಡಲಿಲ್ಲ."

"ನಲ್ಲಿ ತಿರುಗಿಸಿದ್ರಾ?"

"ಸೂರ್ಯ ಮುಳುಗೋ ತನಕ ಅಂತ ನೀನೇ ಹೇಳಿದ್ಯಲ್ಲ. ಆಮೇಲಿನ ಸರದಿ ಇದರದ್ದು." ಅವರು ಗಿಡದ ತಲೆ ಸವರಿದರು. "ಪಾಪ, ಎಷ್ಟು ದಿನದಿಂದ ಬಾಯಾರಿತ್ತೋ. ನೀರು ಬೆಚ್ಚಗಿತ್ತು, ಬೇರು ಸುಡತ್ತೆ ಅಂತ ಬೋಗುಣೀಲಿ ಆರಿಸಿ ಆರಿಸಿ ಹಾಕಿದೆ."

"ಮತ್ತೆ... ಕಂಪ್ಯೂಟರು?"

"ಅದಾ? ಆ ಗಾಜಿನ ಮೇಲೆ ತೊಂಬತ್ತೇಳು ಅಂತ ಬಂತು. ಆಮೇಲೆ ಉಸ್ಸಂತ ದೀಪ ಆರಿಸ್ಕೊಂಡು ಮಲಗಿಬಿಡ್ತು. ಗುಂಯ್‌ಗುಟ್ಟೋ ಆ ಪಂಪಿನ ಸ್ವಿಚ್ಚು ನಾನೇ ಆರಿಸಿದೆ. ನೀರಿಲ್ಲದೆ ಸುಮ್ನೆ ಅರಚ್ತಿತ್ತು."

ಅಸ್ರೋರ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ. ರೊಟ್ಟಿ ಸುಡಬಹುದಿತ್ತು. ಬೆಳಿಗ್ಗೆ ಎಂಟಕ್ಕೆ ನಿಂತಲ್ಲೇ ಸಂಜೆ ಎಂಟಕ್ಕೆ ನಿಂತಿದ್ದ. ಅಳಬೇಕೆನಿಸಿತು, ಓತಾರ ಮುಖ ನೋಡಿ ಅದೂ ಆಗಲಿಲ್ಲ. ಅಣ್ಣನಿಗೇ ನಾಲ್ಕು ಸಾಲು ಬಿಡದ ಮನುಷ್ಯ ತನ್ನ ಮೇಲಿನ ಪ್ರೀತಿಗೆ ಬಿಸಿನೀರು ಆರಿಸಿಕೊಂಡು ಕೂತಿದ್ದರು.

ಐದು ನಿಮಿಷ ಹದಿನೈದಾದಾಗ ಅಧ್ಯಕ್ಷರೇ ಬಂದರು. ಹಿಂದೆ ಎರ್ಗಶ್, ಹಿದೋಯತ್ ಖೋಲಾ, ಸುಮ್ಮನೆ ನೋಡಲು ಬಂದ ಇಬ್ಬರು ಬೀಗರು.

"ಎಲ್ಲಿ ಚಿತ್ರ? ಅಲ್ಲಿ ಅರವತ್ತು ಜನ ಬಟ್ಟೆ ನೋಡ್ತಾ ಕೂತಿದಾರೆ!"

ಅಸ್ರೋರ್ ಕಪ್ಪು ಪರದೆಯ ಕಡೆ ನೋಡಿದ. ಇನ್ನು ಮೂರೂವರೆ ಗಂಟೆ ಬೇಕು ಎನ್ನುವುದು ಹೇಗೆ? ಅವನ ಪರವಾಗಿ ತುರ್ದಿಕುಲ್ ಓತಾ ಎದ್ದು ನಿಂತರು.

"ಹೋಶಿಮ್, ಹುಡುಗನಿಗೆ ಗದರಬೇಡ. ನಲವತ್ತು ವರ್ಷ ನೀರು ಕಾದವನು ಹೇಳ್ತಿದೀನಿ ಕೇಳು. ಎಂಟು ಕೂಡಿಕೆ, ಇಡೀ ಮಧ್ಯಾಹ್ನ ನೀರು ಓಡಿದೆ, ಒಂದು ತೊಟ್ಟೂ ಸೋರಿಲ್ಲ. ಇಂಥ ಕೈ ನಾನು ಕಂಡಿಲ್ಲ."

ಅಧ್ಯಕ್ಷರು ಬಗ್ಗಿ ಕಾಗದಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಕ್ಲಿಪ್ಪು ನೋಡಿದರು. ಬೀಗರೂ ಮುಟ್ಟಿ ನೋಡಿ ತಲೆದೂಗಿದರು. ಅಧ್ಯಕ್ಷರ ಮುಖದ ಗಂಟು ಮೆಲ್ಲಗೆ ಸಡಿಲವಾಯಿತು.

"ಒಂದು ತೊಟ್ಟೂ ಇಲ್ವಾ?"

"ಒಂದು ತೊಟ್ಟೂ ಇಲ್ಲ."

"ಹೌದು ಹೌದು," ಎಂದ ಎರ್ಗಶ್. "ರೇಡಿಯೇಟರು ನಂದು."

"ಹಾಗಾದ್ರೆ ಒಳ್ಳೇದೇ ಆಯ್ತು!" ಎಂದರು ಅಧ್ಯಕ್ಷರು. "ನಮ್ಮ ಚಹಾಖಾನೆ ಪೈಪು ಮೂರು ವರ್ಷದಿಂದ ಸೋರ್ತಿದೆ, ಬಂದವರೆಲ್ಲ ರಿಪೇರಿ ಮಾಡಿ ಇನ್ನೂ ಹಾಳು ಮಾಡಿದ್ರು. ನಾಳೆ ಬೆಳಿಗ್ಗೆ ಎಲ್ಲ ಸೇರಿ ಹಾಶಾರ್ ಮಾಡಿಬಿಡೋಣ. ನಾವು ಮಣ್ಣು ಅಗೀತೀವಿ, ಅಸ್ರೋರ್ ಪೈಪು ಜೋಡಿಸ್ಲಿ."

ಹಾಶಾರ್ ಎಂದರೆ ಮಹಲ್ಲಾದ ಕೆಲಸಕ್ಕೆ ಎಲ್ಲರೂ ಪುಕ್ಕಟೆ ಕೈ ಹಾಕುವುದು. ಅದಕ್ಕೆ ಇಲ್ಲವೆಂದವರು ಇಲ್ಲಿ ಇಲ್ಲ.

"ಆಗಲಿ ಆಕಾ," ಎಂದ ಅಸ್ರೋರ್. ಆಮೇಲೆ ಕೇಳಿದ, "ಮತ್ತೆ ಆ ಮದುವೆಗಳು?"

"ಮದುವೆಗೆ ಪೇಟೆಯವನು ಬರ್ತಾನೆ, ಅದರ ಚಿಂತೆ ನಿನಗೆ ಬೇಡ," ಎಂದು ಅಧ್ಯಕ್ಷರು ಅವನ ಬೆನ್ನು ತಟ್ಟಿದರು. "ಕ್ಯಾಮೆರಾ ಹಾರಿಸೋರು ಸಾವಿರ ಜನ ಸಿಕ್ತಾರೆ ಊಕಾ. ಸೋರದ ಹಾಗೆ ಪೈಪು ಜೋಡಿಸೋರು ಎಲ್ಲಿ ಸಿಕ್ತಾರೆ?"

ಎಲ್ಲರೂ ಪಲಾವು ಆರುತ್ತದೆಂದು ಹೊರಟರು. ಹಿದೋಯತ್ ಖೋಲಾ ಮಾತ್ರ ಬಾಗಿಲಲ್ಲಿ ನಿಂತು, ಚಿತ್ರ ಇಲ್ಲದಿದ್ದರೇನಂತೆ, ನಾನೇ ಇನ್ನೊಂದು ಸಲ ಕುಣಿದುಬಿಡುತ್ತೇನೆ ಎಂದು ಧೈರ್ಯ ಹೇಳಿದರು. ಓತಾ ಕೊನೆಯಲ್ಲಿ ಎದ್ದು ಅಸ್ರೋರನ ಹಣೆಗೆ ಮುತ್ತಿಟ್ಟರು.

"ನಾಳೆ ಸೂರ್ಯ ಹುಟ್ಟಿದ ತಕ್ಷಣ ಮತ್ತೆ ನಿನ್ನ ಸರದಿ," ಎಂದರು. "ನಾನೇ ಬಂದು ನೀರು ಬಿಡ್ತೀನಿ. ನೀನು ಎದ್ದೇಳೋದೂ ಬೇಡ."

ಅವರು ಹೋದ ಮೇಲೆ ಅಸ್ರೋರ್ ಹೊಸ್ತಿಲ ಮೇಲೆ ಕೂತ. ಅಧ್ಯಕ್ಷರ ಅಂಗಳದಿಂದ ದೋಯಿರಾ ತಮಟೆಯ ತಾಳವೂ ಹಿದೋಯತ್ ಖೋಲಾರಿಗೆ ಬೀಳುತ್ತಿದ್ದ ಚಪ್ಪಾಳೆಯೂ ಕೇಳಿಬರುತ್ತಿತ್ತು. ಫೋನು ಬಡಿದುಕೊಂಡಿತು.

"ಮಗನೇ, ಕಾಮಕಸ್ತೂರಿಗೆ ನೀರು?"

ಅಸ್ರೋರ್ ಕುಂಡದ ಕಡೆ ನೋಡಿದ. ಗಿಡ ಆಗಲೇ ತಲೆ ಎತ್ತಿ, ಎಲೆ ಬಿಡಿಸಿಕೊಂಡು, ಕೋಣೆಯ ತುಂಬ ಘಮಘಮಿಸುತ್ತ ನಿಂತಿತ್ತು.

"ಆಗಿದೆ ಓಯಿ. ಇವತ್ತು ತುಂಬಾ ಚೆನ್ನಾಗಿ ಆಗಿದೆ."

"ನಿನ್ನ ದನಿ ಯಾಕೋ ಒಂಥರಾ ಇದೆ. ಸುಳ್ಳು ಹೇಳ್ತಿಲ್ಲ ತಾನೆ?"

"ಇಲ್ಲ ಓಯಿ," ಎಂದ ಅಸ್ರೋರ್. "ಬೇಕಾದ್ರೆ ತುರ್ದಿಕುಲ್ ಓತಾ ಅವರನ್ನ ಕೇಳಿ."